ಕೆಳಗಿನ ಚಿಲಕ

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಮೂರು ಕಾಗದ ಬರೆದಿದ್ದೀಯ, ಒಂದಕ್ಕೂ ಉತ್ತರ ಹಾಕಲಿಲ್ಲ. ಬೈದುಕೋ, ತಪ್ಪು ನನ್ನದೇ. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಅಪ್ಪ ಗಟ್ಟಿಯಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಹದಿನೈದು ದಿನದಿಂದ ಊಟದ ತಟ್ಟೆ ಕಂಡರೆ ವಾಕರಿಕೆ ಬರುತ್ತಿದೆ.

ನಿನ್ನ ಕಾದಂಬರಿ ಸಿನಿಮಾ ಆಗುತ್ತಿದೆ ಎಂದಾಗ ಸೆಟ್ಟಿನ ಕೆಲಸ ನನಗೇ ಕೊಡಿಸಿದೆಯಲ್ಲ. ನನಗೇನು, ಹೊಸದನ್ನು ಹಳೆಯದು ಮಾಡುವುದೇ ಇಪ್ಪತ್ತು ವರ್ಷದ ಕಸುಬು. ಚಹಾದ ನೀರಿನಲ್ಲಿ ಪರದೆ ಅದ್ದಿದೆ, ಮಂಚಕ್ಕೆ ಉಪ್ಪುಕಾಗದ ಉಜ್ಜಿದೆ, ಬಿಸಿ ಅಂಟನ್ನು ಫ್ಯಾನಿನ ಮುಂದೆ ಎಳೆ ಎಳೆಯಾಗಿ ಹಾರಿಸಿ ಜೇಡರ ಬಲೆ ಕಟ್ಟಿದೆ. ಮಹಡಿಯ ಕೋಣೆಯನ್ನು ಮಾತ್ರ ಗುಡಿಸಿ, ಇಸ್ತ್ರಿ ಮಾಡಿದ ಹೊದಿಕೆ ಹಾಸಿ, ಕಿಟಕಿಯಲ್ಲಿ ಒಂದು ಬಾಚಣಿಗೆ ಇಟ್ಟೆ.

ನಿರ್ದೇಶಕ ಬಂದವನೇ ಮೂಗು ಮುರಿದ. "ಏನಮ್ಮಾ ಇದು, ದೆವ್ವದ ಕೋಣೆನಾ, ಆಸ್ಪತ್ರೆ ವಾರ್ಡಾ? ಬಲೆ ಎಲ್ಲಿ? ಇಲಿ ಎಲ್ಲಿ?"

"ಕಾಯಿಲೆ ಹೆಂಗಸಿನ ಕೋಣೆ ಸಾರ್. ದಿನಾ ಎರಡು ಸಲ ಗುಡಿಸ್ತಿದ್ರು" ಎಂದೆ.

"ಕಾಯಿಲೆ ನೋಡೋಕೆ ಯಾರಾದ್ರೂ ಟಿಕೆಟ್ ತಗೋತಾರಾ?" ಎಂದು ನಕ್ಕ.

ಆಮೇಲೆ ಶುರುವಾಯಿತು ನೋಡು. ನಟಿಗೆ ಗೇಣುದ್ದದ ಉಗುರು, ಬಾಯಿ ತುಂಬ ರಕ್ತದಂಥ ಕೆಂಪು ಪಾಕ. ಬಡಗಿ ಬಾಗಿಲ ಒಳಗಡೆ ಉಳಿಯಿಂದ ಉಗುರಿನ ಗೀರು ಕೊರೆದ. ವಿಗ್ಗಿಗೆ ಎಣ್ಣೆ, ಮಣ್ಣು ಕಲಸಿ ಮೆತ್ತಿದ್ದು ಇದೇ ನನ್ನ ಕೈ. ಅಮ್ಮನ ಕೂದಲನ್ನು ದಿನಾ ಬೆಳಿಗ್ಗೆ ಸಿಕ್ಕು ಬಿಡಿಸಿ ಹೆಣೆಯುತ್ತಿದ್ದದ್ದೂ ಇದೇ ಕೈ. ಊಟದ ಬಿಡುವಿನಲ್ಲಿ ಎಲ್ಲರೂ ಆ ಹುಡುಗಿಯ ಪಕ್ಕ ನಾಲಗೆ ಚಾಚಿ ಫೋಟೊ ತೆಗೆಸಿಕೊಂಡರು. ಥೂ! ಸೋಪು ಹಾಕಿ ಎಷ್ಟು ತಿಕ್ಕಿದರೂ ಕೈಯ ಜಿಡ್ಡು ಹೋಗಲಿಲ್ಲ.

ಇಂಥ ಪಾಳು ಬಂಗಲೆಯ ಕಥೆಗಳನ್ನು ನಿನ್ನಷ್ಟು ನಾನು ಓದಿಲ್ಲ. ಆದರೆ ಸೆಟ್ಟು ಕಟ್ಟಿದ್ದು ಇದು ಎಂಟನೆಯದು. ಎಲ್ಲದರಲ್ಲೂ ಮಹಡಿಯ ಮೇಲೊಬ್ಬ ಹೆಂಗಸು, ಎಲ್ಲರಿಗೂ ಅವಳದೇ ಭಯ. ಹೊರಗಿನಿಂದ ಚಿಲಕ ಹಾಕಿದವರಿಗೆ ಯಾರೂ ಹೆದರುವುದಿಲ್ಲ.

ಒಂದು ಎಡವಟ್ಟೂ ಮಾಡಿದೆ. ಚಿಲಕ ಎಲ್ಲಿ ಹಾಕಲಿ ಎಂದು ಬಡಗಿ ಕೇಳಿದಾಗ, ಪರದೆ ಹೊಲಿಯುತ್ತಿದ್ದವಳು ಯೋಚಿಸದೆ ಕೈ ತೋರಿಸಿದೆ. ಅವನು ಸೊಂಟದ ಮಟ್ಟಕ್ಕೆ ಹಾಕಿಬಿಟ್ಟ. "ಕುಳ್ಳರ ಮನೆಯಾ ಇದು?" ಎಂದು ನಿರ್ದೇಶಕ ಎಲ್ಲರನ್ನೂ ನಗಿಸಿ, ಅದನ್ನು ಕೀಳಿಸಿ, ಮೇಲೆ ಅಂಗೈಯಗಲದ ಬೀಗ ಜಡಿಸಿದ. ನಿನ್ನ ಪುಸ್ತಕದಲ್ಲಿ ಅಪ್ಪ ಹಾಕಿ, ಅಮ್ಮ ಸಾಯುವ ತನಕ ತೆಗೆಯದ ಬೀಗ.

ಈಗ ಪೋಸ್ಟರಿನಲ್ಲಿ "ನಿಜವಾಗಿ ನಡೆದ ಕಥೆ" ಎಂದು ಹಾಕಬೇಕಂತೆ, ಅದಕ್ಕೆ ನಿನ್ನ ಸಹಿ ಬೇಕಂತೆ. "ನೀವು ಹೇಳಿದ್ರೆ ನಿಮ್ಮಕ್ಕ ಕೇಳ್ತಾರೆ" ಎಂದು ನಿರ್ಮಾಪಕರು ಪತ್ರವನ್ನು ನನ್ನ ಕೈಗೇ ಕೊಟ್ಟರು. ಇದರೊಳಗೆ ಇಟ್ಟಿದ್ದೇನೆ. ಸಹಿ ಹಾಕಬೇಡ ಅಕ್ಕ. ಹಾಕಿದರೆ ಅಮ್ಮ ಊರಿಗೆಲ್ಲ ದೆವ್ವವಾಗುತ್ತಾಳೆ, ಎಂಬತ್ತು ದಾಟಿದ ಅಪ್ಪ ಹೆಂಡತಿಯನ್ನು ಕೂಡಿಹಾಕಿ ಕೊಂದವರಾಗುತ್ತಾರೆ. ಕಾಲಿಗೆ ಬಿದ್ದೆ ಎಂದುಕೋ.

ಭಾವನಿಗೆ ನಮಸ್ಕಾರ ಹೇಳು. ಮೊಮ್ಮಗಳಿಗೆ ಮುಂದಿನ ಹಲ್ಲು ಬಂತಾ? ನೂರು ವರ್ಷ ಗಟ್ಟಿಯಾಗಿ ಅಗಿದು ತಿನ್ನಲಿ ಅದು.

ನಿನ್ನ,
ಪುಟ್ಟಿ

ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆಗ ನೀನು ಹಾಸ್ಟೆಲಿನಲ್ಲಿದ್ದೆ. ಬುದ್ಧಿ ತಪ್ಪಿದಾಗ ಬೀದಿಗೆ ಹೋಗಿಬಿಡುತ್ತೇನೆಂದು ಅಮ್ಮನಿಗೇ ಹೆದರಿಕೆ. ಅಪ್ಪ ಕೆಲಸಕ್ಕೆ ಹೋದ ಮೇಲೆ ಹಾಕಲೆಂದು, ಒಂಬತ್ತು ವರ್ಷದ ನನಗೆ ಎಟುಕುವ ಹಾಗೆ ಕೆಳಗೆ ಚಿಲಕ ಹಾಕಿಸಿದ್ದರು. "ಸರಿಯಾಗಿ ಬಿತ್ತಾ ನೋಡು ಪುಟ್ಟಿ" ಎಂದು ಅಮ್ಮ ಒಳಗಿನಿಂದ ಕೇಳುತ್ತಿದ್ದಳು. ಮಧ್ಯಾಹ್ನ ತೆಗೆದು ಊಟ ಕೊಡಬೇಕಾದವಳು ನಾನು. ಆ ದಿನ ಕುಂಟೆಬಿಲ್ಲೆ ಆಡುತ್ತಾ ಮರೆತೆ. ಸಂಜೆ ಅಪ್ಪ ಬಂದು ತೆಗೆಯುವ ಹೊತ್ತಿಗೆ ಅಮ್ಮ ತಣ್ಣಗಾಗಿದ್ದಳು. ನಿನ್ನ ಪುಸ್ತಕ ಓದಿದ ದಿನ ಅಪ್ಪ ಹೇಳಿದ್ದಿಷ್ಟೇ: "ಇರಲಿ ಬಿಡು ಪುಟ್ಟಿ, ನನ್ನ ಹೆಸರೇ ಇರಲಿ."

ಗೀರೂ ಸುಳ್ಳು ಅಕ್ಕ. ನಾನು ಆ ಕೋಣೆಯ ಕೆಳಗಿನ ಅಂಗಳದಲ್ಲೇ ಇದ್ದೆ. ಅಮ್ಮ ಒಂದು ಸಲ ಬಡಿದಿದ್ದರೂ ಕೇಳುತ್ತಿತ್ತು.