ಕಂಸದೊಳಗೆ ಕೂತ ಯಜಮಾನರು

ಜಮಖಂಡಿ
೧೯ ಜನವರಿ ೨೦೨೫

ಪ್ರಿಯ ಗೆಳತಿ ರಂಜನಾ,

ಬಾಡಗಂಡಿಯಲ್ಲಿ ಎಲ್ಲರೂ ಆರಾಮವೇ? ನಿನ್ನ ದೀಪಾವಳಿಯ ಪತ್ರಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬಯ್ಯಿ, ಆದರೆ ಪೂರ್ತಿ ಓದಿ ಬಯ್ಯಿ. ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರ ಮಗಳು ನಾನು. ಕೊನೆಯ ಅಂಕ ಮುಗಿಯದೆ ಪರದೆ ಇಳಿಸುವವಳಲ್ಲ. ಈಗ ಮುಗಿಯಿತು. ಗೆದ್ದೆ ರಂಜನಾ, ಗೆದ್ದೆ!

ಬೀಳಗಿ ಗುಡ್ಡದ ಆ ಹಳದಿ ಹೂವಿನ ಗಿಡ ನೆನಪಿದೆಯೇ? ಅವರೆ, ತೊಗರಿಗಳ ಬಳಗದ್ದು, ಆ ಗುಡ್ಡ ಬಿಟ್ಟರೆ ಬೇರೆಲ್ಲೂ ಕಾಣದ್ದು. ನಾವಿಬ್ಬರೂ ಬಿ.ಎಸ್ಸಿ. ಓದುವಾಗ ಬಂಡೆಯ ಸಂದಿಯಲ್ಲಿ ಅದನ್ನು ಮೊದಲು ಕಂಡವಳು ನಾನು. ಆಗ ನಮಗೆ ಪಾಠ ಹೇಳುತ್ತಿದ್ದ, ಆಮೇಲೆ ನನ್ನ ಗಂಡನಾದ ನಂದಕಿಶೋರರು ಕುಣಿದಾಡಿದರು.

"ಸರ, ಕಾಯಿ ಬಲಿಯೂತನಕ ತಡೀರಿ," ಎಂದೆ.

"ಹೂವು ಸಿಕ್ಕಾವಲ್ಲ, ಸಾಕ. ಕಾಯಿ ನೋಡ್ಕೋತ ಕುಂತ್ರ ಪುಣೆದವರು ಬಂದು ಹೆಸರಿಟ್ಟು ಹೋಗ್ತಾರ!"

ಹೂವನ್ನಷ್ಟೇ ಒಣಗಿಸಿ, ಹತ್ತಿರದ್ದೆಂದು ತೋರಿದ ಒಂದು ಕುಲಕ್ಕೆ ಗಿಡವನ್ನು ಸೇರಿಸಿ, ರಸಿಕಾ ಎಂದು ಹೆಸರಿಟ್ಟು, ಒಬ್ಬರೇ ಪ್ರಬಂಧ ಬರೆದರು. ಗಿಡವನ್ನು ಕಂಡವಳ ಸುದ್ದಿ ಅದರಲ್ಲಿಲ್ಲ.

ಅವರು ಕಾಯದ ಕಾಯಿಯೇ ನನಗೆ ಬಾಣವಾಯಿತು. ಎರಡು ವರ್ಷದ ಹಿಂದೆ, ನಿನ್ನ ಮನೆಗೆ ಹೊರಟೆನೆಂದು ಸುಳ್ಳು ಹೇಳಿ (ಕ್ಷಮಿಸು), ಈಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಶಿವಪುತ್ರನ ಜೊತೆ ಮತ್ತೆ ಮತ್ತೆ ಗುಡ್ಡ ಹತ್ತಿದೆ. ಅವರು ಸೇರಿಸಿದ್ದ ಕುಲದ ಕಾಯಿಗಳು ಒಣಗಿದಾಗ ಎರಡು ಹೋಳಾಗಿ ಸಿಡಿಯುತ್ತವೆ. ಇದು ನನ್ನ ಅಂಗೈಯಲ್ಲಿ ಗಂಟುಗಂಟಾಗಿ ಮುರಿಯಿತು! ಬೇರೆಯದೇ ಕುಲ. ಧಾರವಾಡದ ಡಿಎನ್‌ಎ ಪರೀಕ್ಷೆಯೂ ಹೌದೆಂದಿತು. ಗಿಡವನ್ನು ಹೊಸ ಕುಲಕ್ಕೆ ಸೇರಿಸಿದಾಗ ಶಾಸ್ತ್ರದ ನಿಯಮ ಏನು ಗೊತ್ತೇ? ಗಿಡದ ಹೆಸರಿನ ಪಕ್ಕದಲ್ಲಿ ಬರೆಯುವಾಗ ಮೊದಲು ಹೆಸರಿಟ್ಟವರು ಕಂಸದೊಳಗೆ. ತಿದ್ದಿದವರು ಹೊರಗೆ, ಎದೆ ಸೆಟೆಸಿ!

ಮೊನ್ನೆ ನಮ್ಮ ಯಜಮಾನರ ಎಪ್ಪತ್ತೈದರ ಸನ್ಮಾನ. "ಕೃಷ್ಣಾಬಾಯಾರು ಎರಡು ಮಾತಾಡಬೇಕ್ರಿ" ಎಂದು ಮೈಕು ಕೊಟ್ಟರು. ಶಿವಪುತ್ರನೂ ನಾನೂ ಬರೆದು ಅಚ್ಚಾಗಿ ಬಂದ ಪ್ರಬಂಧವನ್ನು ಕೊನೆಯ ಕುರ್ಚಿಗೂ ಕೇಳುವಂತೆ ಓದಿದೆ. ಶಾಲಿನೊಳಗಿನ ಮುಖ ಬಿಳಚಿಕೊಂಡಿತು.

"ಇದನ್ನ ಮನ್ಯಾಗ ಹೇಳಬಾರದಿತ್ತೇನು?"

"ಮನ್ಯಾಗ ಕೇಳವ್ರು ಯಾರದಾರ್ರಿ?"

ಸಭೆ ಚಪ್ಪಾಳೆ ಹೊಡೆಯಿತು. ಅಂದು ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ. ಅವರು ಉಣ್ಣಲಿಲ್ಲ. ನಾನೂ ಕರೆಯಲಿಲ್ಲ.

ನಿನ್ನ ಮಗಳು ಮಾಲಾಳಿಗೆ ನನ್ನ ಆಶೀರ್ವಾದ. ಅವಳ ಮಾತು ಯಾವ ಸಭೆಯಲ್ಲೂ ತಗ್ಗದಿರಲಿ.

ನಿನ್ನ
ಕೃಷ್ಣಾಬಾಯಿ

ತಾ.ಕ.: ಇಷ್ಟು ವರ್ಷ ಸುಮ್ಮನಿದ್ದವಳಿಗೆ ಈಗೇನಾಯಿತು ಎನ್ನುವೆ. ಗುಡ್ಡ ಹತ್ತುವ ಹಿಂದಿನ ವಾರ ಪತ್ರಿಕೆಯ ಕಾಶಪ್ಪ ಮನೆಗೆ ಬಂದು, "ಸರ, ಗಿಡಕ್ಕ ಹೆಸರಿಟ್ರಲ್ಲಾ, ಆ ರಸಿಕಾ ಯಾರ್ರೀ?" ಎಂದು ಕೇಳಿದ.

"ಯಾರೋ ಒಬ್ಬಾಕಿ ವಿದ್ಯಾರ್ಥಿನಿ ಇದ್ಲಪಾ. ಮದುವಿ ಆಗಿ ಹೋದ್ಲು. ಎಲ್ಲಿದ್ದಾಳೋ ಏನೋ," ಎಂದರು ನಮ್ಮವರು.

ಮರೆತು ಹೇಳಿದರೋ, ಮರೆಸಲು ಹೇಳಿದರೋ. ಚಹಾದ ತಾಟು ಹಿಡಿದು ನಾನು ಅಲ್ಲೇ ನಿಂತಿದ್ದೆ. ನಮ್ಮ ಮದುವೆಯ ದಿನ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಕೃಷ್ಣಾಬಾಯಿ ಎಂದು ಬರೆದು, ರಸಿಕಾ ಎಂಬ ನನ್ನ ತವರಿನ ಹೆಸರನ್ನು ಅಳಿಸಿದ್ದು ಅವರದೇ ಕೈ. ಗಿಡಕ್ಕಾದರೆ ಕುಲ ಬದಲಾದರೂ ಅದರ ಸ್ವಂತ ಹೆಸರನ್ನು ಯಾರೂ ಅಳಿಸುವಂತಿಲ್ಲ. ಅದೂ ನಿಯಮವೇ.

ಉತ್ತರ ಬರೆಯುವಾಗ ಲಕೋಟೆಯ ಮೇಲೆ ರಸಿಕಾ ಎಂದೇ ಬರೆ. ನಮ್ಮ ಮನೆಯಲ್ಲಿ ಟಪಾಲು ಇಸಿದುಕೊಳ್ಳುವವರು ಅವರೇ.