ಬರುವ ದಿನ ತಿಳಿಸಿ

ಪೋರ್ಟ್ ಸಯೀದ್,
ಶಾಬಾನ್ ತಿಂಗಳ ಕೊನೆಯ ಗುರುವಾರ

ಪ್ರೀತಿಯ ಹಾತಿಮ್, ನನ್ನ ಕಣ್ಣೇ,

ಹೇಗಿದ್ದೀಯಪ್ಪಾ? ಸೊಂಟನೋವು ಕಡಿಮೆಯಾಯಿತೇ? ಜೆದ್ದಾದ ಆ ಬಿಸಿಲಲ್ಲಿ ಲಾರಿ ಓಡಿಸಿ, ಇಳಿದ ಕೂಡಲೇ ಐಸ್ ನೀರು ಕುಡಿಯಬೇಡ. ಬೆಳಗ್ಗೆ ಏನಾದರೂ ತಿನ್ನುತ್ತೀಯೋ ಇಲ್ಲವೋ, ಯಾರನ್ನು ಕೇಳಲಿ? ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ಉಮ್ರಾ ಯಾತ್ರೆಗೆಂದು ನಿನ್ನ ಕಡೆಗೇ ಹೊರಟಿರುವ ಪಕ್ಕದ ಮನೆಯ ಅಫಾಫಳ ಕೈಯಲ್ಲಿ ಕೊಡುತ್ತಿದ್ದೇನೆ. ಯುದ್ಧಕ್ಕೆ ಊರು ಬಿಟ್ಟಾಗ ನನ್ನ ಶಾಲೆಯೂ ಬಿಟ್ಟುಹೋಗಿದ್ದು ನಿನಗೆ ಗೊತ್ತೇ ಇದೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಓದಿ ಹರಿದುಬಿಡು. ಆಫೀಸಿನವರ ಕಿವಿಗೆ ಬಿದ್ದರೆ ನಿನ್ನ ಅಪ್ಪನ ಕೆಲಸ ಹೋಗುತ್ತದೆ, ನಿವೃತ್ತಿಗೆ ಇನ್ನು ಸ್ವಲ್ಪವೇ ಬಾಕಿ.

ಅಪ್ಪ ಕಳಿಸಿದ ಇಮೇಲ್ ನೋಡಿ ನೀನು ತಂಗಿಗೆ ಫೋನ್ ಮಾಡಿದ್ದೆಯಂತೆ. “ಅಪ್ಪಂಗೆ ನಾನು ಮಗ ಅಲ್ಲ, ಗಿರಾಕಿ. ಇನ್ನು ಆ ಹೊಸ್ತಿಲು ತುಳಿಯಲ್ಲ” ಅಂದೆಯೆಂದು ಸಮಾಹ್ ಅಳುತ್ತಾ ಹೇಳಿದಳು. ಆಮೇಲೆ ನನಗೆ ತುತ್ತು ಇಳಿದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಮಗನೇ. ಜಗಳವಾಡಿ ನೀನು ಹೊರಟುಹೋದ ಮೇಲೆ ಅಪ್ಪನಿಂದ ಬಂದ ಮೊದಲ ಪತ್ರ ಅದು. ಅದರಲ್ಲಿ “ಮಾನ್ಯ ಕ್ಯಾಪ್ಟನ್ ಹಾತಿಮ್ ಅವರಿಗೆ” ಅಂತಿದ್ದರೆ ಯಾರಿಗೆ ತಾನೇ ನೋಯುವುದಿಲ್ಲ? ಅಣಕಿಸಿದ್ದಾರೆ ಅಂದುಕೊಂಡೆ ನೀನು. ಅವರಿಗೆ ಅಣಕಿಸುವಷ್ಟು ಶಕ್ತಿಯೂ ಉಳಿದಿಲ್ಲ.

ಕಾಲುವೆ ದಾಟಲು ಸರದಿ ಕಾಯುವ ಹಡಗುಗಳಿಗೆ ತರಕಾರಿ, ಮಾಂಸ, ಕುಡಿಯುವ ನೀರು ಒದಗಿಸುವ ಆ ಆಫೀಸಿನಲ್ಲಿ ಅಪ್ಪ ಒಂದೊಂದು ಹಡಗಿಗೂ ಹೊಸದಾಗಿ, ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದದ್ದು ನೆನಪಿದೆಯಲ್ಲ? ಕ್ಯಾಪ್ಟನ್ನನ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸದೆ ಈರುಳ್ಳಿಯ ಬೆಲೆ ಹೇಳುವುದು ಮರ್ಯಾದೆಯಲ್ಲ ಅನ್ನುವವರು. ಮನೆಯಲ್ಲಿ ಊಟ ಆರಿಹೋಗುತ್ತಿತ್ತು. ನೀನು ಹೋದ ಮೇಲೆ ಸಮಾಹ್ ಕಂಪ್ಯೂಟರಿನಲ್ಲಿ ಸಿದ್ಧ ಕಾಗದಗಳನ್ನು ಮಾಡಿಕೊಟ್ಟಳು. ಬೆಲೆ ಕೇಳಿದವರಿಗೆ ಒಂದು, ಬಾಕಿ ಉಳಿಸಿಕೊಂಡವರಿಗೆ ಒಂದು, ದೂರಿಗೆ ಉತ್ತರ ಒಂದು, ಹೀಗೆ. ಹೆಸರು, ತಾರೀಕು ತುಂಬಿದರೆ ಮುಗಿಯಿತು. ಅಪ್ಪ ಮಧ್ಯಾಹ್ನದ ಊಟಕ್ಕೇ ಮನೆಗೆ ಬರತೊಡಗಿದರು. ಎಷ್ಟು ಖುಷಿಪಟ್ಟೆ, ದಡ್ಡಿ ನಾನು! ಆ ಕಾಗದಗಳ ಹಿಂದೆ ಅವರ ನೆನಪು ಸೋರಿಹೋಗುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಮೊದಲು ಮೀನು ಮಾರುಕಟ್ಟೆಯ ದಾರಿ ಮರೆತರು. ಆಮೇಲೊಂದು ದಿನ, ಯಾವಾಗಲೋ ತೀರಿಹೋದ ತಮ್ಮನನ್ನು ನೋಡಿಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ಡಾಕ್ಟರು ಹೇಳಿದ ಕಾಯಿಲೆಯ ಹೆಸರು ನನಗೆ ಬರೆಯಲು ಬರುವುದಿಲ್ಲ, ಬರೆಯುವ ಮನಸ್ಸೂ ಇಲ್ಲ. ಈಗ ಅವರಿಗೆ ಸ್ವಂತವಾಗಿ ಎರಡು ಸಾಲು ಕೂಡಿಸಲು ಆಗುವುದಿಲ್ಲ ಹಾತಿಮ್. ಆ ಸಿದ್ಧ ಕಾಗದಗಳೇ ಅವರನ್ನು ಆಫೀಸಿನ ಕುರ್ಚಿಯಲ್ಲಿ ಹಿಡಿದು ಕೂರಿಸಿವೆ.

ಆ ಶುಕ್ರವಾರ ನಿನಗೆ ಬರೆಯುತ್ತೇನೆಂದು ಸಮಾಹ್‌ಳ ಕಂಪ್ಯೂಟರಿನ ಮುಂದೆ ಕೂತರು. ಅವಳು ಮನೆಯಲ್ಲಿರಲಿಲ್ಲ. ನಾನು ಬಾಗಿಲ ಬಳಿ ಮುಲುಖಿಯಾ ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದೆ. ಒಂದೊಂದೇ ಕಾಗದ ತೆರೆಯುವರು, ತುಟಿಯಲ್ಲೇ ಓದುವರು, ತಲೆಯಾಡಿಸಿ ಮುಚ್ಚುವರು. ಬಾಕಿಯದನ್ನು ಮುಚ್ಚಿದರು. ದೂರಿನದನ್ನೂ ಮುಚ್ಚಿದರು. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆಗುವವರೆಗೂ ಹುಡುಕಿ ಹುಡುಕಿ, ಬರಲಿರುವ ಹಡಗಿಗೆ ಕಳಿಸುವ ಕಾಗದವನ್ನು, ನಿನಗೆ ಬಂದದ್ದನ್ನು, ಆರಿಸಿದರು. ಈಗ ತೆಗೆದು ಇನ್ನೊಮ್ಮೆ ಓದು: “ನೀವು ಬರುವ ದಿನ ತಿಳಿಸಿ. ಹಗಲಾಗಲಿ ರಾತ್ರಿಯಾಗಲಿ, ಎಷ್ಟು ಹೊತ್ತಿಗೆ ಬಂದರೂ ಎಲ್ಲವೂ ಸಿದ್ಧವಾಗಿರುತ್ತದೆ.” ಹೆಸರಿನ ಜಾಗ ಬಂದಾಗ ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ. ಯಾರನ್ನೂ ಕೇಳದೆ ನಿನ್ನ ಹೆಸರು ಬರೆದರು. ಕಳಿಸಿ, ನನ್ನ ಕಡೆ ತಿರುಗಿ, “ಬರ್ದೆ ಇಹ್ಸಾನ್, ಇನ್ನು ಬರ್ತಾನೆ ಬಿಡು” ಅಂದರು.

ಸಮಾಹ್ ಸಲಾಂ ಹೇಳಿದ್ದಾಳೆ. ಈ ಕಾಗದದ ಜೊತೆ ಕಳಿಸಿದ ಡಬ್ಬಿಯಲ್ಲಿ ನಿನಗಿಷ್ಟವಾದ ಉಪ್ಪುನಿಂಬೆ ಇದೆ, ಮುಚ್ಚಳ ಬಿಗಿಯಾಗಿದೆಯೋ ನೋಡಿಕೋ. ನಿನ್ನ ಲಾರಿಯ ಮುಂದೆ ದೇವರೇ ದಾರಿ ಬಿಡಿಸಿಕೊಂಡು ನಡೆಯಲಿ.

ನಿನ್ನ ಅಮ್ಮ,
ಇಹ್ಸಾನ್

ಮರೆತಿದ್ದು: ಅಫಾಫ್ ಬಾಗಿಲಲ್ಲಿ ನಿಂತಿದ್ದಾಳೆ, ಟ್ಯಾಕ್ಸಿ ಹಾರನ್ ಹೊಡೆಯುತ್ತಿದೆ. ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಇವತ್ತು ಬೆಳಗ್ಗೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಅಪ್ಪ ಕೇಳಿದರು: “ಅಲ್ವೇ, ಆ ಹಾತಿಮ್ ಅನ್ನೋ ಹಡಗಿಂದ ಉತ್ತರಾನೇ ಬರ್ಲಿಲ್ವಲ್ಲ, ಸಮುದ್ರದಲ್ಲಿ ಏನಾದ್ರೂ ಆಯ್ತಾ?” ಉಳಿದ ಗುಂಡಿಗಳನ್ನು ನಾನೇ ಹಾಕಿಕೊಟ್ಟೆ. ನಿನ್ನ ಹೆಸರು ಮಾತ್ರ ಅವರ ನೆನಪಲ್ಲಿ ಇನ್ನೂ ಇದೆ ಮಗನೇ. ಅದಿರುವಾಗಲೇ ಬಾ. ಮೊದಲು ಅವರಿಗೆ ಉತ್ತರ ಕಳಿಸು. ಬರುವ ದಿನ ಒಂದನ್ನು ಬರೆ, ಸಾಕು.