ಹೆಬ್ಬೆರಳಿನ ಜಡ್ಡು

ಮಾರ್ಚ್ ೧೨, ಗುರುವಾರ

ರಜೆ ಹಾಕು ಅಂದರು ಮಾಸ್ತರರು. ಸಂಜೆಯಿಂದ ಆ ಮಾತೇ ತಲೆ ಕೊರೆಯುತ್ತಿದೆ.

ನಮ್ಮ ಟೈಲರ್ ಅಂಗಡಿಯಲ್ಲಿ ಹೆಂಗಸರಿಗೆ ಗುಂಡಿ ಹಚ್ಚುವ ಕೆಲಸ. ಬಟ್ಟೆ ಕತ್ತರಿಸುವ ಮೇಜು ಗಂಡಸರದು. ಆದರೆ ಅಲ್ಲಿ ಕತ್ತರಿ ಹಿಡಿಯುವ ಮಾಸ್ತರರ ಕಣ್ಣು ಮಂಜಾದ ಮೇಲೆ, ಒಂದು ವರ್ಷದಿಂದ, ಒಳಕೋಣೆಯ ಬಾಗಿಲು ಹಾಕಿಕೊಂಡು ಕತ್ತರಿಸುತ್ತಿರುವುದು ನಾನು. ಕಲಿಸಿದವರು ಅವರೇ. ಹೆಸರು ಬರುವುದೂ ಅವರಿಗೇ.

ಇವತ್ತು ಗಿರಾಕಿಯೊಬ್ಬರು ಹೊಸ ಕೋಟು ತೊಟ್ಟು ಕನ್ನಡಿ ಮುಂದೆ ತಿರುಗಿದರು. "ಮಾಸ್ಟ್ರೇ, ನಿಮ್ಮ ಕೈಗೆ ಚಿನ್ನದ ಕಡಗ ಹಾಕ್ಬೇಕು ಕಣ್ರೀ!" ಮಾಸ್ತರರು ನಕ್ಕರು. ನಾನು ತಲೆ ತಗ್ಗಿಸಿ ಗುಂಡಿ ಡಬ್ಬಿಯನ್ನು ಅಂಗಡಿ ಯಜಮಾನರಿಗೆ ಕೊಟ್ಟೆ. ಅವರು ನನ್ನ ಹೆಬ್ಬೆರಳು ನೋಡಿಬಿಟ್ಟರು.

"ಇದು ಕತ್ರಿ ಹಿಡಿದ ಜಡ್ಡಲ್ವೇನಮ್ಮ?"

"ಅಯ್ಯೋ, ಹೆಣ್ಣು ಹುಡುಗಿ ಕೈಗೆ ಕತ್ರಿ ಯಾರು ಕೊಡ್ತಾರೆ ಸ್ವಾಮಿ?" ಅಂದರು ಮಾಸ್ತರರು. ನಾನು ಕೈ ಹಿಂದಕ್ಕೆಳೆದುಕೊಂಡೆ.

ಯಜಮಾನರು ನನ್ನನ್ನೇ ನೋಡಿದರು. "ನಾಳೆ ಬೆಳಗ್ಗೆ ಮೇಜಿಗೆ ಬಾ. ನನ್ನೆದುರಿಗೆ ಒಂದು ಕೋಟು ಕತ್ತರಿಸು."

ಹೊರಡುವಾಗ ಮಾಸ್ತರರು ಮೆಟ್ಟಿಲ ಬಳಿ ಕಾದಿದ್ದರು. "ಮಗಳೇ, ನಾಳೆ ಒಂದಿನ ರಜೆ ಹಾಕು. ನೀನು ಬರದಿದ್ರೆ ಈ ಮಾತು ಇಲ್ಲಿಗೇ ಮುಗಿಯುತ್ತೆ." ನಾನು ಮೆಟ್ಟಿಲಿಳಿದು ಮನೆಗೆ ಬಂದೆ.

ಅಮ್ಮನಿಗೆ ಹೇಳಿದೆ. "ಕಲಿಸಿದವರಿಗೇ ತಿರುಗಿ ಬೀಳ್ತೀಯೇನೇ?" ಎಂದು ಬೈದಳು. ಆಮೇಲೆ ತಾನೇ ಎದ್ದು ಅಲಾರಂ ಅನ್ನು ಒಂದು ಗಂಟೆ ಮೊದಲಿಗೆ ಇಟ್ಟಳು.

ಹೋಗುತ್ತೇನೆ. ಆದರೆ ಮಾಸ್ತರರು ಎದುರಿಗೇ ನಿಂತಿರುತ್ತಾರೆ. ನನ್ನ ಕೈ ನಡುಗಿದರೆ, ಹೆಣ್ಣಿನ ಕೈ, ಅದಕ್ಕೇ ನಡುಗಿತು ಅನ್ನುತ್ತಾರೆ ಎಲ್ಲರೂ. ನಡುಗದಿದ್ದರೆ, ಮಾಸ್ತರರು ನಾಳಿದ್ದು ಯಾವ ಮೇಜಿಗೆ ಹೋಗಬೇಕು?